ಮೂವತ್ತು ಮೈಕ್ರಾನ್

ಪುಣೆಯ ಈ ಕಾಲೇಜಿನ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ ತೇದಿದ್ದೇನೆ.
ಗಂಧವಲ್ಲ, ಕಲ್ಲು.

ಆಗಾಶೆ ಮೇಡಂ ಬೆಟ್ಟ ಸುತ್ತಿ ಬಂದರೆ
ಅವರ ಚೀಲದಲ್ಲಿ ತೋರಣಾ, ರಾಜಗಡ, ಪುರಂದರ,
ಒಂದೊಂದು ಮುಷ್ಟಿಯಷ್ಟು, ಮರಾಠಿ ಪೇಪರಿನಲ್ಲಿ ಸುತ್ತಿ.
ಗರಗಸಕ್ಕೆ ಕೊಟ್ಟು ಬಿಲ್ಲೆ ಮಾಡು,
ಗಾಜಿಗೆ ಅಂಟಿಸು, ಕಾರ್ಬೊರಂಡಮ್ ಚಿಮುಕಿಸಿ
ಬೆರಳೊತ್ತಿ ತಿರುವು, ತಿರುವು.
ಒರಟು ಪುಡಿ, ನಯ ಪುಡಿ, ಹಿಟ್ಟಿನಂಥ ಪುಡಿ.
ನಿಲ್ಲಿಸುವುದು ಯಾವಾಗೆಂದು ಯಂತ್ರ ಹೇಳುವುದಿಲ್ಲ,
ಬೆರಳು ಹೇಳುತ್ತದೆ.
ಮೂವತ್ತು ಮೈಕ್ರಾನಿಗೆ ಕಲ್ಲು ಹಟ ಬಿಡುತ್ತದೆ,
ಬೆಳಕು ಆಚೆಯಿಂದ ಈಚೆಗೆ ಬರುತ್ತದೆ.
ಇನ್ನೊಂದು ಸುತ್ತು ಹೆಚ್ಚಾದರೆ ಹೋಯಿತು,
ಬೆಟ್ಟವೇ ನೀರಿನ ಜೊತೆ ಮೋರಿಗೆ.

ಮೊದಲ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ
ಕರಿಕಲ್ಲಿನೊಳಗೆ ಯಾರೋ ಕೌದಿ ಹೊಲಿದಿಟ್ಟಿದ್ದರು.
ಬೂದು ಬಿಳಿ ಪಟ್ಟೆಯ ಕಡ್ಡಿಗಳು, ಸಂದಿಯಲ್ಲಿ
ನೀಲಿ, ಒಣಗಿದ ಕುಸುಬೆ ಹೂವಿನ ಕೆಂಪು.
ಗಾಜು ತಿರುಗಿಸಿದರೆ ಒಂದು ಆರಿ ಇನ್ನೊಂದು ಹೊತ್ತುತ್ತದೆ.
ಕಬ್ಬಿಣ ಮಾತ್ರ ಎಷ್ಟು ತೇದರೂ ಕಪ್ಪು.
ಅದು ಯಾರಿಗೂ ಗುಟ್ಟು ಬಿಡುವುದಿಲ್ಲ.

ಇಲ್ಲಿ ಶಿಖರದಿಂದ ಬೆಂಕಿ ಉಗುಳಿದ್ದಲ್ಲವಂತೆ.
ಆರೂವರೆ ಕೋಟಿ ವರ್ಷದ ಹಿಂದೆ
ನೆಲ ಹೊಲಿಗೆ ಬಿಟ್ಟ ಹಾಗೆ ಉದ್ದಕ್ಕೆ ಬಿರಿದು
ಅಂಬಲಿಯಂತೆ ಹರಿಯಿತಂತೆ, ಆರಿತಂತೆ, ಮತ್ತೆ ಹರಿಯಿತಂತೆ.
ನಮ್ಮ ಇಂಡಿ ತಾಲೂಕಿನವರೆಗೂ;
ಗಡಿಕಲ್ಲು ನೆಡುವವರು ಆಗಿನ್ನೂ ಹುಟ್ಟಿರಲಿಲ್ಲ.
ಚಿಕ್ಕಂದಿನಲ್ಲಿ ನನ್ನ ಕಾಲಿಗೆ ಮೆತ್ತಿದ ಎರೆಮಣ್ಣು
ಇದೇ ಕಲ್ಲು. ಮಳೆ ತೇದದ್ದು.

ಸಿಂಹಗಡ ಹತ್ತುತ್ತ ಏದುಸಿರಲ್ಲಿ ಕೇಳಿದೆ,
ಇಷ್ಟೆತ್ತರ ಇದು ಎದ್ದದ್ದು ಹೇಗೆ ಮೇಡಂ?
"ಎದ್ದದ್ದಲ್ಲ ಮಾಳಪ್ಪ, ಉಳಿದದ್ದು.
ಅದೋ ತೋರಣಾ, ಇದೋ ನಮ್ಮ ಕಾಲಡಿ,
ಎರಡೂ ಒಂದೇ ಅಂಗಳದ ಮೂಲೆಗಳು.
ನಡುವೆ ಗಾಳಿ ಕಾಣುತ್ತಿದೆಯಲ್ಲ,
ಅದೆಲ್ಲ ಕಲ್ಲಾಗಿತ್ತು."
ಆಮೇಲೆ ನನಗೆ ಆ ಕಣಿವೆ ಖಾಲಿ ಅನಿಸಲೇ ಇಲ್ಲ.

ಮೆಟ್ಟಿಲು ಮೆಟ್ಟಿಲಾದ ಬೆಟ್ಟದ ಪಕ್ಕೆಯಲ್ಲಿ
ಅಲ್ಲಲ್ಲಿ ಒಂದು ಕೆಂಪು ಗೆರೆ,
ಎರಡು ಬೆಂಕಿಗಳ ನಡುವಿನ ಬಿಡುವು.
ಅಷ್ಟರಲ್ಲಿ ಕಲ್ಲು ಮಣ್ಣಾಗಿ, ಮಣ್ಣಲ್ಲಿ ಏನೋ ಚಿಗುರಿ,
ಇನ್ನೇನು ಬೇರಿಳಿಸಬೇಕು,
ಮುಂದಿನದು ಬಂದು ಇಟ್ಟಿಗೆಯಂತೆ ಸುಟ್ಟಿತು.
ಆ ಕೆಂಪು ಮುಟ್ಟಿದರೆ ಪುಡಿ.
ತೇಯುವ ಮೊದಲು ರಾತ್ರಿಯಿಡೀ ಅಂಟು ಕುಡಿಸಬೇಕು,
ಕೂಸಿಗೆ ಹನಿಹನಿ ಹಾಲೆರೆದ ಹಾಗೆ.

ವಾಘೋಲಿ ಖಣಿಯ ಹುಲಿಗೆವ್ವ ಒಮ್ಮೆ
ಬುತ್ತಿ ಡಬ್ಬಿಯಲ್ಲಿ ಹಸಿರು ಹರಳು ತಂದಿದ್ದಳು.
"ಕಲ್ಲಿನ ಹೊಟ್ಟ್ಯಾಗ ಗಾಳಿ ಸಿಕ್ಕೊಂಡಿತ್ತು ನೋಡಣ್ಣ,
ಹೊರಗ ಬರಾಕ ದಾರಿ ಸಿಗದ ಹಿಂಗ ಆಗೇತಿ."
ಅದನ್ನು ತೇಯಲು ಮನಸ್ಸಾಗಲಿಲ್ಲ. ಕಿಟಕಿಯಲ್ಲಿದೆ.

ಪಿಂಚಣಿ ಕಚೇರಿಯ ಹುಡುಗಿ ಬೆರಳಿಡಿ ಎಂದಳು. ಇಟ್ಟೆ.
ಒರೆಸಿ ಇಡಿ. ಒರೆಸಿ ಇಟ್ಟೆ.
ಇನ್ನೊಂದು. ಮತ್ತೊಂದು. ಹತ್ತೂ.
ಯಂತ್ರಕ್ಕೆ ನಾನು ಕಾಣಲಿಲ್ಲ.
"ಗೆರೆಗಳೇ ಇಲ್ಲವಲ್ಲ ಕಾಕಾ!"
ಎಷ್ಟು ಮೈಕ್ರಾನ್ ಇದ್ದವೋ ಏನೋ,
ಪುರಂದರದ ಜೊತೆ ಮೋರಿಗೆ ಹೋಗಿವೆ.

ಕೀಲಿ ಒಪ್ಪಿಸುವ ದಿನ ಹಳೆಯ ಡ್ರಾಯರ್ ಎಳೆದೆ.
ನಾನು ಸೇರಿದ ವರ್ಷದ ಗಾಜು, ನಂಬರ್ ನಾಲ್ಕು, ತೋರಣಾ.
ಅಂಟು ಆರುವ ಮೊದಲೇ ಮುಟ್ಟಿದ್ದೆನೆಂದು ಕಾಣುತ್ತದೆ:
ಎಡ ಅಂಚಿನಲ್ಲಿ ಅರ್ಧ ಹೆಬ್ಬೆರಳು,
ಸುಳಿ ಸುಳಿಯಾಗಿ, ಒಂದು ಗೆರೆಯೂ ಅಳಿಯದೆ.
ಪಕ್ಕದ ಚೀಟಿಯಲ್ಲಿ ಮೇಡಂ ಅಕ್ಷರ, ಕೆಂಪು ಶಾಯಿ:
'ಅಂಚಿನಲ್ಲಿ ಕೊಳೆ. ಕಲ್ಲು ಮಾತ್ರ ನೋಡಿ.'

ಬಹಳ ಹೊತ್ತು ಕೊಳೆಯನ್ನೇ ನೋಡಿದೆ.
ದೀಪ ಆರಿಸಿ
ಗಾಜನ್ನು ಅದರ ಖಾನೆಯಲ್ಲೇ ಇಟ್ಟೆ.