ಎರಡು ಮಿಲಿಮೀಟರ್

ಕುತೈಸಿಯ ಹಳೆಪೇಟೆಯಲ್ಲಿ, ಔಷಧಿ ಅಂಗಡಿಯ ಪಕ್ಕಕ್ಕೆ
ಹದಿಮೂರು ಮೆಟ್ಟಿಲಿಳಿದರೆ ನನ್ನ ಕೋಣೆ.
ಇಲ್ಲಿಗೆ ಮುಖಗಳು ಬರುವುದಿಲ್ಲ.
ಒದ್ದೆ ಕಾಗದ ಸುತ್ತಿದ ಅಚ್ಚುಗಳು ಬರುತ್ತವೆ,
ಸೈಕಲ್ಲಿನ ಹುಡುಗ ಗೇಲಾ ತರುತ್ತಾನೆ.
ಪ್ಲಾಸ್ಟರ್ ಕಲಸಿ ಹೊಯ್ದು, ಒಣಗಿಸಿ,
ಊರಿನವರ ದವಡೆಗಳನ್ನೆಲ್ಲ
ಕಪಾಟಿನಲ್ಲಿ ಸಾಲಾಗಿ ಕೂರಿಸುತ್ತೇನೆ.

ಹಲ್ಲು ನೋಡಿ ಹೇಳಬಲ್ಲೆ:
ಇವನು ಪೈಪು ಸೇದುವವನು,
ಇವಳು ದಾರವನ್ನು ಬಾಯಲ್ಲೇ ಹರಿಯುವವಳು,
ಈತ ರಾತ್ರಿಯಿಡೀ ಯಾರೊಡನೆಯೋ ಕಾದಾಡಿ
ಬೆಳಗ್ಗೆ ಸಭ್ಯನಾಗಿ ಏಳುವವನು.

ತಲೆನೋವಿಗೆಂದು ಇವರು ಮೊದಲು ಕನ್ನಡಕ ಬದಲಿಸಿರುತ್ತಾರೆ,
ಆಮೇಲೆ ದಿಂಬು.
ತಲೆಯೊಳಗಿನ ಚಿತ್ರ ತೆಗೆಸಿ, ಏನೂ ಇಲ್ಲವೆಂದು ತಿಳಿದು
ಇನ್ನಷ್ಟು ಹೆದರಿರುತ್ತಾರೆ.
ಕೊನೆಗೆ ಎತೇರಿ ಡಾಕ್ಟರು
ಕಿವಿಯ ಮುಂದೆ ಎರಡು ಬೆರಳಿಟ್ಟು
ಬಾಯಿ ತೆರೆಯಿರಿ, ಮುಚ್ಚಿರಿ, ಅನ್ನುತ್ತಾರೆ.
ನೋವು ಹುಟ್ಟಿದ್ದು ಇಲ್ಲಿ, ಅನ್ನುತ್ತಾರೆ,
ತಲೆ ಬರೀ ಪಕ್ಕದ ಮನೆ.

ಮಾತು ಆಡಿದರೆ ಹೋಯಿತಂತೆ.
ಆಡದಿದ್ದರೆ ಎಲ್ಲಿಗೆ ಹೋಗುತ್ತದೆ?
ನನಗೆ ಗೊತ್ತು. ಕೋರೆಹಲ್ಲಿನ ತುದಿಗೆ.
ಅಲ್ಲಿಂದ ದಿನಕ್ಕೊಂದು ಕೂದಲೆಳೆಯಷ್ಟು
ಹಲ್ಲನ್ನು ತಿನ್ನುತ್ತ ಹಿಂದಕ್ಕೆ.

ಮಂಗಳವಾರ ಬಂದ ಅಚ್ಚಿನ ಜೊತೆ ಚೀಟಿ:
ಹೆಂಗಸು, ಐವತ್ತೆರಡು.
ಏಳುವಾಗಲೇ ತಲೆ ಸಿಡಿತ, ಕೆನ್ನೆ ಬಿಗಿತ.
ಮೇಲಿನ ಸಾಲಿಗೆ ರಾತ್ರಿಪಟ್ಟಿ, ದಪ್ಪ ಎರಡು ಮಿಲಿಮೀಟರ್.
ಹೆಸರು ಯಾರದೋ ಮನೆತನದ್ದು.

ಮುಂದಿನ ಹಲ್ಲಿನ ಬಲಮೂಲೆ
ಓರೆಯಾಗಿ ಮುರಿದಿತ್ತು.

ಆ ಮೂಲೆ ನನಗೆ ಗೊತ್ತು.
ನನಗೆ ಒಂಬತ್ತು, ಅವಳಿಗೆ ಏಳು.
ಈ ಅಕ್ರೋಟು ಹಲ್ಲಲ್ಲಿ ಒಡೆದರೆ
ನನ್ನ ಚಾಕು ನಿನಗೆ, ಅಂದಿದ್ದೆ.
ಎರಡೂ ಒಡೆದವು.
ನಾನುಲಿ ಅಳಲಿಲ್ಲ. ಅವುಡುಗಚ್ಚಿ,
ಗದ್ದದ ಮೇಲೆ ರಕ್ತ ಇಳಿಯುತ್ತಿರಲು
ಚಾಕುವಿಗೆ ಕೈ ಚಾಚಿದಳು.

ಅದೇ ನಾವಿಬ್ಬರು
ಅಮ್ಮನ ಹೊಲಿಗೆ ಯಂತ್ರವೊಂದಕ್ಕೆ ಜಗಳವಾಡಿ
ಈ ಚಳಿಗಾಲಕ್ಕೆ ಹನ್ನೊಂದು ವರ್ಷ.
ಇದೇ ಊರು. ರಿಯೋನಿ ನದಿಗೆ ಒಂದೇ ಸೇತುವೆ ಇದ್ದಂತೆ
ಅದೆಷ್ಟು ಸಲ ಎದುರಾದೆವು,
ಇಬ್ಬರೂ ನೀರು ನೋಡುತ್ತ ದಾಟಿದೆವು.
ಯಂತ್ರ ನನ್ನ ಮೂಲೆಯಲ್ಲೇ ಇದೆ, ಮುಸುಕು ಹಾಕಿಕೊಂಡು.
ನನಗೆ ಹೊಲಿಯಲು ಬಾರದು.

ಹಿತ್ತಾಳೆಯ ಕೀಲಿಗೆ ಅವಳ ದವಡೆಗಳೆರಡನ್ನೂ ಬಿಗಿದೆ.
ನೀಲಿ ಕಾಗದ ನಡುವಿಟ್ಟು ಟಪಟಪ ತಟ್ಟಿದೆ.
ಕೋರೆಗಳು ಸವೆದು ಚಪ್ಪಟೆ,
ಹಿಂದಿನ ಹಲ್ಲುಗಳು ಒರಳಿನ ಹಾಗೆ ನುಣ್ಣಗೆ.
ಅದರಲ್ಲಿ ನನ್ನ ಪಾಲೆಷ್ಟು?
ಗಂಡನದೆಷ್ಟು, ಬೆಳಗಿನ ಪಾಳಿಯದೆಷ್ಟು,
ಬ್ಯಾಂಕಿನದೆಷ್ಟು?
ಪ್ಲಾಸ್ಟರ್ ಹೆಸರು ಹೇಳುವುದಿಲ್ಲ.

ಉಳಿದವರದು ಮಧ್ಯಾಹ್ನದೊಳಗೆ ಮುಗಿಯುತ್ತದೆ.
ಇದಕ್ಕೆ ಎರಡು ರಾತ್ರಿ ಕುಳಿತೆ.
ಉಜ್ಜಿದೆ, ತಟ್ಟಿದೆ, ಚುಕ್ಕಿ ನೋಡಿ ಮತ್ತೆ ಉಜ್ಜಿದೆ,
ನಾಲಿಗೆ ತಾಗುವ ಅಂಚನ್ನು
ನನ್ನ ನಾಲಿಗೆಗೇ ಮುಟ್ಟಿಸಿ ನೋಡಿ ತೊಳೆದೆ.
ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ:
ಎತೇರಿ ಡಾಕ್ಟರು ಎಲ್ಲರಿಗೂ ಹೇಳುವ ಮಾತು.
ಎರಡು ಮಿಲಿಮೀಟರ್ ಬಿಡುವು.
ನನಗೆ ಮಾಡಲು ಬರುವುದು ಅಷ್ಟೇ.

ಪೆಟ್ಟಿಗೆಯಲ್ಲಿ ಚೀಟಿ ಹಾಕಲೇ ಅಂದುಕೊಂಡೆ.
ಪೆನ್ನಿನ ತುದಿ ಕಚ್ಚುತ್ತ ಕುಳಿತಿದ್ದಾಗ
ಗೇಲಾ ಬಂದು ಒಯ್ದ.

ಎಂಟನೇ ದಿನ ಪಟ್ಟಿ ವಾಪಸು ಬಂತು,
ಡಾಕ್ಟರ ಕೈಬರಹದೊಡನೆ:
ತಲೆನೋವು ಇಳಿಯುತ್ತಿದೆ.
ಎಡಗಡೆ ಮಾತ್ರ ತುಸು ಎತ್ತರ, ಸರಿಮಾಡಿ.
ಇದನ್ನು ಮಾಡಿದವನು ಎಡಚನೇ ಇರಬೇಕು
ಎನ್ನುತ್ತಾರೆ ರೋಗಿ.

ಓದಿ, ನನ್ನ ಎಡಗೈ ನೋಡಿಕೊಂಡೆ.
ನಗು ಬಂತು. ಎಷ್ಟು ದೊಡ್ಡದಾಗಿ ಎಂದರೆ
ಬಾಯಿ ಪೂರ್ತಿ ತೆರೆಯಿತು,
ಕಿವಿಯ ಮುಂದೆ ಏನೋ
ಟಕ್ ಅಂದಿತು.