ಹಂಚು ಕೇಳಿದವರಿಗೆ

ಮಾರಾಟದ ಮೂಲ ಎಲ್ಲಿದೆ ಎಂದು
ಆಡಿಟ್ಟಿನವರು ಆಕ್ಷೇಪಣೆ ಬರೆದಿದ್ದಾರೆ.
ವಿರಾಜಪೇಟೆ ಪುರಸಭೆಯ ರೆಕಾರ್ಡ್ ಕೋಣೆಯಲ್ಲಿ
ಹುಡುಕುವವಳು ನಾನು,
ಅದೇ ಇಪ್ಪತ್ತೆರಡು ಮನೆಗಳ ಸಾಲಿನ
ಒಂಬತ್ತನೆಯದರಲ್ಲಿ ಹುಟ್ಟಿದವಳು.

ದಾರ ಬಿಚ್ಚಿದರೆ ಮೊದಲು ಉದುರಿದ್ದು ಗೆದ್ದಲು ಮಣ್ಣು,
ಆಮೇಲೆ ಭಾಷಣ:
'ಇನ್ನು ಬಾಡಿಗೆದಾರನೇ ಒಡೆಯ.'
ಹಾರ, ಮೈಕು, ಚುನಾವಣೆಗೆ ನಲವತ್ತು ದಿನ.
ಮಂಡಿಸಿದವರು ಒಬ್ಬರು, ಅನುಮೋದಿಸಿದವರು ಇನ್ನೊಬ್ಬರು,
ಇಬ್ಬರ ಸಹಿಗೂ ಒಂದೇ ಶಾಯಿ.

ಅದರ ಕೆಳಗೆ ಎಂಜಿನಿಯರರ ಅಂದಾಜು:
ಮಾಡು ರಿಪೇರಿ, ರೂಪಾಯಿ ಹದಿನೆಂಟು ಸಾವಿರ.
ಅಂಚಿನಲ್ಲಿ ಪೆನ್ಸಿಲ್ಲು: 'ದುಡ್ಡೆಲ್ಲಿ?'

ಅದಕ್ಕೂ ಕೆಳಗೆ ಬಾಡಿಗೆ ಲೆಡ್ಜರು,
ಏಳು ತಿಂಗಳು ಸಾಲಾಗಿ ಸೊನ್ನೆ.
ನೆನಪಿದೆ ನನಗೆ. ನಲ್ಲಿಕಟ್ಟೆಯ ಬಳಿ ಸಂಜೆ ಸೇರುತ್ತಿದ್ದರು
ಕಸದ ಗಾಡಿಯ ಪಳನಿಯಮ್ಮ, ರೋಡ್ ರೋಲರಿನ ಕುಂಞಾಲಿ,
ಆಸ್ಪತ್ರೆಯ ಆಯಾ ಚೋಂದವ್ವ.
'ಹಂಚು ಹಾಕಿಸಿ, ಬಾಡಿಗೆ ತಗೊಳ್ಳಿ',
ಒಂದೇ ಮಾತು, ಮೂರು ನಾಲ್ಕು ಭಾಷೆಯಲ್ಲಿ.
ಆ ಸೊನ್ನೆಗಳ ಪಕ್ಕದಲ್ಲೂ ಅದೇ ಪೆನ್ಸಿಲ್ಲು,
ಈ ಸಲ ಒತ್ತಿ ಬರೆದದ್ದು:
'ಮಾಲೀಕನಾದವನು ಬಾಡಿಗೆ ನಿಲ್ಲಿಸಲಾರ.'

ಇದೇ ಇರಬೇಕು.

ಎಲ್ಲಕ್ಕೂ ಅಡಿಯಲ್ಲಿ ಒಂದು ಅರ್ಜಿ. ಇಪ್ಪತ್ತೆರಡು ಗುರುತು,
ಒಂಬತ್ತನೆಯದು ಅವ್ವನ ಹೆಬ್ಬೆಟ್ಟು,
ಒತ್ತಿದ ರಭಸಕ್ಕೆ ಗೆರೆಯೆಲ್ಲ ಮುಳುಗಿ ಬರೀ ನೀಲಿ.
ಕೇಳಿದ್ದು ಹಂಚು.
ಕೊಟ್ಟರು ಮನೆ, ಸೋರುವುದನ್ನೂ ಸೇರಿಸಿ.

ಸುಳ್ಳು ಹೇಳಬಾರದು. ಹಕ್ಕುಪತ್ರ ಬಂದ ರಾತ್ರಿ
ಅಕ್ಕಿ ಡಬ್ಬದೊಳಗೆ ಅದನ್ನಿಟ್ಟ ಅವ್ವ ಮಲಗಲಿಲ್ಲ.
ಬಾಗಿಲಿಗೆ ಗಿಳಿಹಸಿರು ಬಳಿದಳು,
ಅದನ್ನೇ ಅಡವಿಟ್ಟು ನನ್ನನ್ನು ಟೈಪಿಂಗಿಗೆ ಕಳಿಸಿದಳು.
ನಾನು ಕೂತ ಈ ಕುರ್ಚಿಯ ಒಂದು ಕಾಲು ಆ ಮನೆಯದು.
ಮರುವರ್ಷ ನಲ್ಲಿಕಟ್ಟೆಯ ನಡುವೆ ಬೇಲಿ ಎದ್ದಿತು.
ಕುಂಞಾಲಿ ಪಳನಿಯಮ್ಮನ ಮೇಲೆ
ಒಂದೂವರೆ ಅಡಿ ಜಾಗಕ್ಕೆ ಕೇಸು ಹಾಕಿದ.
ಸಂಜೆ ಯಾರೂ ಸೇರಲಿಲ್ಲ.

ಆಡಿಟ್ಟಿಗೆ ಠರಾವಿನ ಸಂಖ್ಯೆ ಬರೆದೆ, ತಾರೀಕು ಬರೆದೆ.
ಪೆನ್ಸಿಲ್ಲಿಗೆ ಕಾಲಮ್ಮಿಲ್ಲ.

ಕಟ್ಟಿಡುವಾಗ ಕೈಗೆ ಸಿಕ್ಕಿದ್ದು
ಮನೆಗಾಗಿ ಕಾಯುವವರ ಪಟ್ಟಿ: ಅರವತ್ತಮೂರು ಹೆಸರು,
ಒಂದನ್ನೂ ಹೊಡೆದು ಹಾಕಿಲ್ಲ.

ಕೌಂಟರಿನಲ್ಲಿ ಯಾರೋ ತಟ್ಟಿದರು.
ತೋಟದ ಲೈನು ಬಿಟ್ಟು ಬಂದವಳು, ಕಂಕುಳಲ್ಲಿ ಮಗು.
'ಪುರಸಭೆದ್ದು ಬಾಡಿಗೆ ಮನೆ ಉಂಟಾ ಅಕ್ಕಾ?'