ಅಳತೆ ಪುಸ್ತಕ

ಗೋಣಿಕೊಪ್ಪಲು ಬಸ್‌ಸ್ಟ್ಯಾಂಡಿನ ಹಿಂದೆ
ಮೆಟ್ಟಿಲ ಕೆಳಗಿನ ಅಂಗಡಿ. ಏಳೂ ಮುಕ್ಕಾಲು.
ಶಟರ್ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಅವನು:
'ಸಫಿಯಾ ಅಂದ್ರೆ ನೀನೇನಾ?'

ಓವರ್‌ಲಾಕ್ ಮಿಷಿನ್ನಿನ ಎರಡು ಕಂತು.
ಹೌದು, ಕೊಡಬೇಕು.
ಸತ್ತ ಉಮ್ಮನನ್ನು ನಡುವೆ ಎಳೆತಂದು ಆಡಿದ ಮಾತು
ಯಾವ ಕಂತಿಗೆ ಜಮೆ?

ಫೋನನ್ನು ಚಿಂದಿಬಟ್ಟೆಯ ಚೀಲದೊಳಗೆ ಹೂತೆ.
ಚೀಲಕ್ಕೆ ಹಾಕಿದ ಏಡಿಯ ಹಾಗೆ
ಅಲ್ಲೂ ಕೆರೆಯಿತು.

ಆಮೇಲೆ ಅಳತೆ ಪುಸ್ತಕ ತೆಗೆದು
ಅವನನ್ನೂ ಬರೆದುಕೊಳ್ಳತೊಡಗಿದೆ:
ಹೊತ್ತು, ನಂಬರು, ಬೈದದ್ದು ಬೈದ ಹಾಗೇ.
ಎದೆ ಮೂವತ್ತಾರು, ತೋಳು ಹನ್ನೊಂದು,
ಮಂಗಳವಾರ ಹದಿನಾಲ್ಕು ಸಲ.

ನಿನ್ನೆ ದೇಚವ್ವ ಬಂದರು,
ಬೆನ್ನ ಹಿಂದೆ ನೆರಿಗೆ ಸಿಕ್ಕಿಸಿದ ಗಂಜಿ ಸೀರೆಯಲ್ಲಿ.
'ನಿನ್ನ ಸಾಲದವನು ನನಗೂ ಫೋನು ಮಾಡಿದ್ದ.'

ಸೂಜಿ ಬೆರಳಿಗೆ ಹೊಕ್ಕಿತು.

'ಹೇಳಿದೆ ಅವನಿಗೆ:
ಹುತ್ತರಿಗೆ ಕೊಡಬೇಕಾದ ರವಿಕೆ
ಸಂಕ್ರಾಂತಿ ಕಳೆದರೂ ಕೊಟ್ಟಿಲ್ಲ ಇವಳು.
ಮೊದಲ ಬಾಕಿ ನನ್ನದು.
ನೀನು ನನ್ನ ಹಿಂದೆ ನಿಲ್ಲು.'

ನಗಲಿಲ್ಲ ಅವರು. ಸ್ಟೂಲು ಎಳೆದು ಕೂತರು.
ಮತ್ತೆ ಕೆರೆಯಿತು ಚೀಲ.
ನನ್ನ ಕೈಯಲ್ಲಿ ಕತ್ತರಿ, ಅವರ ರವಿಕೆಯ ಬಟ್ಟೆ;
ಪೆನ್ನು ಅವರೇ ತೆಗೆದುಕೊಂಡರು,
ಕನ್ನಡಕ ಹುಡುಕುತ್ತ ಕೇಳಿದರು,
'ಇವತ್ತು ತಾರೀಕು ಎಷ್ಟು?'